ಮಂಪರಿನ ಗುಂಡಿ ನಿಮ್ಮ ಕೈಯಲ್ಲೇ ಇರಲಿ

ದೊಡ್ಡ ಕರುಳಿನೊಳಗೆ ಕ್ಯಾಮೆರಾ ಬಿಟ್ಟು ನೋಡುತ್ತಾರೆ ಅಂದರೆ ಸಾಕು, ಅರ್ಧ ಜನ 'ಪೂರ್ತಿ ಮಲಗಿಸಿಬಿಡಿ ಡಾಕ್ಟ್ರೇ' ಅನ್ನುತ್ತಾರೆ. ಇನ್ನೊಂದು ದಾರಿಯೂ ಇದೆ. ಮಂಪರು ಎಷ್ಟು ಬೇಕೋ ಅಷ್ಟನ್ನು ರೋಗಿಯೇ ಗುಂಡಿ ಒತ್ತಿ ತೆಗೆದುಕೊಳ್ಳುವುದು. ಇದು ಎಲ್ಲ ಕಡೆ ಸಿಗುವುದಿಲ್ಲ. ಸಾಗರದಿಂದಲೋ ತೀರ್ಥಹಳ್ಳಿಯಿಂದಲೋ ಶಿವಮೊಗ್ಗದ ಬಸ್ ಹತ್ತುವ ಮುಂಚೆ ಆಸ್ಪತ್ರೆಗೆ ಫೋನ್ ಮಾಡಿ ಕೇಳಿಕೊಳ್ಳಿ.

ಹೋಗುವ ಮುನ್ನ

ಅರಿವಳಿಕೆ ಡಾಕ್ಟರಿಗೆ ಗೊರಕೆ, ಅಲರ್ಜಿ, ಬಿಪಿ-ಶುಗರ್ ಮಾತ್ರೆ, ಹೊಗೆಸೊಪ್ಪು ಎಲ್ಲ ಹೇಳಿ. ನಾಚಿಕೆ ಬೇಡ. ಊಟ ಬಿಟ್ಟು ಸಾಮಾನ್ಯವಾಗಿ 6 ಗಂಟೆ, ನೀರು ಬಿಟ್ಟು 2 ಗಂಟೆ ಆಗಿರಬೇಕು. ಮಂಪರಿನಲ್ಲಿ ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದರೆ ಕಷ್ಟ. ನಮ್ಮವರು ಎಡವುವುದು ಇಲ್ಲೇ. 'ಏನೂ ತಿಂದಿಲ್ಲ, ಸುಮ್ನೆ ಒಂದು ಲೋಟ ಕಷಾಯ' ಅನ್ನುತ್ತಾರೆ. ನಮ್ಮ ಕಷಾಯಕ್ಕೆ ಹಾಲು ಬಿದ್ದಿರುತ್ತದೆ, ಅಲ್ವಾ? ಹಾಲು ಬಿದ್ದರೆ ಅದು ನೀರಿನ ಲೆಕ್ಕವಲ್ಲ, ಊಟದ ಲೆಕ್ಕ. ಬಾಯಲ್ಲಿ ಎಲೆ-ಅಡಿಕೆ ಕವಳವೂ ಬೇಡ.

ಮೇಜಿನ ಮೇಲೆ

ಕೈಗೆ ಸೂಜಿ, ಬೆರಳಿಗೆ ಆಮ್ಲಜನಕ ಅಳೆಯುವ ಕ್ಲಿಪ್. ಉಗುರುಬಣ್ಣ ಇದ್ದರೆ ಮನೆಯಲ್ಲೇ ತೆಗೆದು ಬನ್ನಿ. ಗುಂಡಿ ಒತ್ತಿದಾಗ ಔಷಧಿ ಬಿಡುವ ಪಂಪಿನಲ್ಲಿ ಹೆಚ್ಚಾಗಿ ಇರುವುದು ಪ್ರೊಪೊಫಾಲ್ ಎಂಬ ಮಂಪರಿನ ಔಷಧಿ. ನೋಡಲು ಥೇಟ್ ಹಾಲು. ಸೋಯಾ ಎಣ್ಣೆಯಲ್ಲಿ ಕಲಸಿದ್ದು ಅದು. ನರದಲ್ಲಿ ಸ್ವಲ್ಪ ಉರಿಯಬಹುದು, ಹೆದರಬೇಡಿ. ನಿಮಿಷದೊಳಗೆ ಹತ್ತುತ್ತದೆ, ಕೆಲವೇ ನಿಮಿಷದಲ್ಲಿ ಇಳಿಯುತ್ತದೆ.

ಒಮ್ಮೆ ಒತ್ತಿ, ಕಾಯಿರಿ. ಪ್ರತಿ ಸಲ ಬರುವುದು ಡಾಕ್ಟರ್ ಮೊದಲೇ ಗೊತ್ತು ಮಾಡಿದ ಚಿಕ್ಕ ಅಳತೆ. ಕೆಲವು ಪಂಪುಗಳಲ್ಲಿ ಬೀಗದ ಸಮಯವೂ ಇರುತ್ತದೆ. ಆಗ ಎಷ್ಟು ಒತ್ತಿದರೂ ಹನಿ ಬರುವುದಿಲ್ಲ. ಮಂಪರು ಜಾಸ್ತಿಯಾದರೆ ಹೆಬ್ಬೆರಳು ತಾನಾಗಿ ಸಡಿಲವಾಗುತ್ತದೆ, ಔಷಧಿ ನಿಲ್ಲುತ್ತದೆ. ಈ ಪದ್ಧತಿಯ ದೊಡ್ಡ ಕಾವಲು ಇದೇ. ಪ್ರೊಪೊಫಾಲ್ ಇಳಿಸಲು ಪ್ರತಿಮದ್ದು ಇಲ್ಲ, ಹಾಗಾಗಿ ಪಕ್ಕದಲ್ಲಿ ಉಸಿರಾಟ ನೋಡಿಕೊಳ್ಳುವ ಡಾಕ್ಟರ್ ಇರಲೇಬೇಕು.

ಇಂಥದ್ದೇ ಗುಂಡಿ ಆಪರೇಷನ್ ಆದ ಮೇಲಿನ ನೋವಿಗೂ ಉಂಟು. ಅಲ್ಲಿ ಔಷಧಿ ಮಾರ್ಫಿನ್ ಥರದ್ದು. ಚಿಕ್ಕಪ್ಪನ ಸೊಂಟದ ಆಪರೇಷನ್ ಆದ ರಾತ್ರಿ ಚಿಕ್ಕಮ್ಮ ಮಂಚದ ಪಕ್ಕ ಕೂತಿದ್ದರು. ಚಿಕ್ಕಪ್ಪ ನಿದ್ದೆಯಲ್ಲಿ ನರಳಿದರು. 'ಪಾಪ, ನೋಯ್ತಿದೆ' ಅಂತ ಚಿಕ್ಕಮ್ಮ ಗುಂಡಿ ಒತ್ತಿದರು. ಎರಡು ಸಲ. ನರ್ಸ್ ಓಡಿಬಂದು ಕೈಯಿಂದ ಕಿತ್ತುಕೊಂಡರು. ಚಿಕ್ಕಮ್ಮನಿಗೆ ಇವತ್ತಿಗೂ ಅವರ ಮೇಲೆ ಸಿಟ್ಟು. ಆದರೆ ನರ್ಸ್ ಮಾಡಿದ್ದೇ ಸರಿ. ನಿದ್ದೆಯಲ್ಲಿರುವವನಿಗೆ ಬೇರೆಯವರು ಒತ್ತಿದರೆ ಆ ಕಾವಲೇ ಹೋಯಿತು, ಉಸಿರು ನಿಧಾನವಾಗಬಹುದು. ಜೊತೆಗೆ ಬರುವವರಿಗೆ ಇದನ್ನು ಮನೆಯಲ್ಲೇ ಹೇಳಿಡಿ.

ಮನೆಗೆ

ಎದ್ದ ಕೂಡಲೇ ಚೆನ್ನಾಗಿಯೇ ಇದ್ದೇನೆ ಅನ್ನಿಸುತ್ತದೆ, ನಂಬಬೇಡಿ. 24 ಗಂಟೆ ಬೈಕ್ ಬೇಡ, ಅಡಿಕೆ ಸುಲಿಯುವ ಕತ್ತಿ ಬೇಡ, ಯಾವ ಪತ್ರಕ್ಕೂ ಸಹಿ ಬೇಡ. ಆಗುಂಬೆ ಘಾಟಿಯ 14 ತಿರುವು ಇಳಿಯಬೇಕಿದ್ದರೆ ಸ್ಟಿಯರಿಂಗ್ ಬೇರೆಯವರ ಕೈಯಲ್ಲಿರಲಿ. ಡಾಕ್ಟರ್ ಊಟ ಮಾಡಬಹುದು ಅಂದ ಮೇಲೆ ಕಷಾಯ ಕುಡಿಯಿರಿ. ಹಾಲು ಹಾಕಿಯೇ.