ತಿರುಗುವ ಚಿಪ್ಪಿನ ಮೇಲೆ ಗುರುತ್ವ ಅಲೆ: ನಾನು ಲೆಕ್ಕ ಹಾಕಿದ ಬಗೆ

ದ್ರವ್ಯದ ಚಿಪ್ಪೊಂದು (ಟೊಳ್ಳು ಗೋಳದಂಥದ್ದು) ತಿರುಗುತ್ತಿರುವಾಗ ಗುರುತ್ವ ಅಲೆ, ಅಂದರೆ ದೂರಗಳನ್ನೇ ಹಿಗ್ಗಿಸಿ ಕುಗ್ಗಿಸುತ್ತ ಸಾಗುವ ಅಲೆ, ಹಾದುಹೋದರೆ ಅದರ ಚಲನೆ ಏನಾಗುತ್ತದೆ? ಇದನ್ನು ಲೆಕ್ಕ ಹಾಕಲು ನೂರಿನ್ನೂರು ಸಾಲಿನ ಪ್ರೋಗ್ರಾಂ ಸಾಕು. ಕಷ್ಟ ಇರುವುದು ಬೇರೆ ಕಡೆ. ಪರದೆಯ ಮೇಲೆ ಕಾಣುವ ಬೆಳವಣಿಗೆ ಅಲೆಯಿಂದ ಬಂದದ್ದೋ, ಲೆಕ್ಕದ ಕ್ರಮವೇ ತಂದಿಟ್ಟದ್ದೋ ಎಂದು ಬೇರ್ಪಡಿಸಬೇಕು.

ಇಡೀ ಚಿಪ್ಪನ್ನು ಬದಿಗಿಟ್ಟು ಮೊದಲು ಅದರ ಸಮಭಾಜಕದ ಬಳೆಯೊಂದನ್ನೇ ತೆಗೆದುಕೊಂಡೆ. ಕಣಗಳು ಘರ್ಷಣೆಯಿಲ್ಲದೆ ಬಳೆಯ ಮೇಲೆ ಜಾರುವ ಮಣಿಗಳು. ಅಲೆ ಅಕ್ಷದ ಗುಂಟ ಬರುತ್ತದೆ, ವೃತ್ತೀಯವಾಗಿ ಧ್ರುವೀಕರಣಗೊಂಡಿದೆ, ಅಂದರೆ ಅದು ಹಿಗ್ಗಿಸುವ ದಿಕ್ಕು ಸುತ್ತುತ್ತ ಹೋಗುತ್ತದೆ, ಅದೂ ಬಳೆ ತಿರುಗುವ ದಿಕ್ಕಿಗೇ. ಅಲೆಯ ಕಂಪನವಿಸ್ತಾರವನ್ನು (ದೂರವನ್ನು ಎಷ್ಟು ಪಾಲು ಬದಲಿಸುತ್ತದೆ ಎಂಬುದರ ಅಳತೆ) ಹ, ಕೋನಾವೃತ್ತಿಯನ್ನು (2π × ಆವೃತ್ತಿ) ಅ ಎಂದು ಬರೆದರೆ:

ಸ್ಪರ್ಶಕ ವೇಗೋತ್ಕರ್ಷ = ½ × ಅ² × ಹ × ತ್ರಿಜ್ಯ × ಸೈನ್(2 × ಕೋನ − ಅ × ಕಾಲ)

ಬಳೆಯ ಕೋನವೇಗ ಅಲೆಯ ಕೋನಾವೃತ್ತಿಯ ಸರಿಯಾಗಿ ಅರ್ಧವಿದ್ದರೆ ಆವರಣದೊಳಗಿನ ಕಾಲ ಮಾಯವಾಗುತ್ತದೆ. ಪ್ರತಿ ಮಣಿಯ ಮೇಲೂ ಕಾಲದ ಜೊತೆ ಬದಲಾಗದ ತಳ್ಳು ಬೀಳುತ್ತದೆ, ಜಾರಿಕೆ ಕಾಲದ ವರ್ಗದಂತೆ ಬೆಳೆಯುತ್ತದೆ: ಇದೇ ಅನುರಣನೆ. ಪ್ರೋಗ್ರಾಂ ಸರಿಯಿದೆಯೇ ಎಂದು ನೋಡಲು ಹ = 10⁻⁶ ಇಟ್ಟು, ಅಲೆಯನ್ನು ಮೊದಲ ಕ್ಷಣದಿಂದಲೇ ಪೂರ್ಣ ಬಲದಲ್ಲಿ ಹಚ್ಚಿ, 45 ಡಿಗ್ರಿಯಲ್ಲಿರುವ ಮಣಿಯನ್ನು ಗಮನಿಸಿ. 10 ಸುತ್ತಿನ ಬಳಿಕ ಅದು 0.0039 ರೇಡಿಯನ್ ಮುಂದೆ ಸರಿದಿರಬೇಕು. ರೇಖೀಯ ಧ್ರುವೀಕರಣವಾದರೆ (ಹಿಗ್ಗಿಸುವ ದಿಕ್ಕು ಸುತ್ತದೆ ನಿಂತಲ್ಲೇ ಇದ್ದರೆ) ಇದರ ಅರ್ಧ, ಜೊತೆಗೆ ಸಣ್ಣದೊಂದು ನಡುಕ.

ಈ ಬೆಳವಣಿಗೆ ಕೊನೆಯಿಲ್ಲದ್ದೇನಲ್ಲ. ಬಳೆಯ ಜೊತೆ ತಿರುಗುವವನ ಕಣ್ಣಿಗೆ ಮಣಿಗಳು 90 ಮತ್ತು 270 ಡಿಗ್ರಿಯ ಸುತ್ತ ಎರಡು ಗುಂಪಾಗಿ, ಲೋಲಕದಂತೆ ತೂಗುತ್ತವೆ. ಒಂದು ತೂಗಿಗೆ ಹಿಡಿಯುವ ಕಾಲವೆಂದರೆ ಅಲೆಯ ಆವರ್ತಕಾಲವನ್ನು ಹ ದ ವರ್ಗಮೂಲದಿಂದ ಭಾಗಿಸಿದಷ್ಟು. ಹ = 10⁻⁶ ಇದ್ದಾಗ 1000 ಆವರ್ತ. ನಿಜವಾದ ಅಲೆಗಳ ಅಳತೆಯಲ್ಲಿ, ಅಂದರೆ 100 ಹರ್ಟ್ಸ್‌ಗೆ ಮತ್ತು ಹ = 10⁻²¹ ಕ್ಕೆ, ಸುಮಾರು 10 ವರ್ಷ. ಹೀಗಾಗಿ ‘ದೊಡ್ಡ ಹ ಹಾಕಿ ಲೆಕ್ಕ ಮಾಡು, ಆಮೇಲೆ ಅದೇ ಪ್ರಮಾಣದಲ್ಲಿ ಇಳಿಸು’ ಎಂಬ ಉಪಾಯ ಅನುರಣನೆಯಿಂದ ದೂರದಲ್ಲಿ ಮಾತ್ರ ನಡೆಯುತ್ತದೆ. ಹತ್ತಿರ ಬಂದರೆ ಅಳೆಯಬೇಕಾದದ್ದು ವರ್ಗಮೂಲದಿಂದ.

10⁻²¹ ನ್ನೇ ನೇರವಾಗಿ ಹಾಕುವ ಆಸೆ ಬೇಡ. ಕಂಪ್ಯೂಟರ್ ಸಾಮಾನ್ಯವಾಗಿ ಬಳಸುವ ಡಬಲ್ ಪ್ರಿಸಿಷನ್ ಸಂಖ್ಯೆಯಲ್ಲಿ 16 ಅಂಕಿಗಳಷ್ಟೇ ಉಳಿಯುತ್ತವೆ. ತ್ರಿಜ್ಯಕ್ಕೆ ಕೂಡಿಸಿದ ಕೂಡಲೇ ಅಲೆಯ ಪಾಲು ಅಳಿಸಿಹೋಗುತ್ತದೆ. ಸ್ಥಾನದ ಬದಲು ಸ್ಥಾನದ ವ್ಯತ್ಯಾಸವನ್ನೇ ಚರಾಕ್ಷರವಾಗಿ ಇಟ್ಟುಕೊಳ್ಳಬೇಕು.

ಎಲ್ಲಕ್ಕಿಂತ ಹೆಚ್ಚು ಮೋಸ ಮಾಡುವುದು ಆರಂಭದ ಕ್ಷಣ. ಅನುರಣನೆಯಿಂದ ಹೊರಗೆ, ಸೈನ್ ಅಲೆಯನ್ನು ಥಟ್ಟನೆ ಶುರು ಮಾಡಿದರೆ ಕಣಗಳಿಗೆ ಒಂದು ಸ್ಥಿರ ವೇಗ ಅಂಟಿಕೊಳ್ಳುತ್ತದೆ. ಅದು ಕಾಲದ ಜೊತೆ ನೇರವಾಗಿ ಬೆಳೆದು ಅನುರಣನೆಯ ವೇಷ ಹಾಕುತ್ತದೆ. ಅಲ್ಲಿ ಅಲೆಯ ಬಲವನ್ನು ಸೊನ್ನೆಯಿಂದ 10 ಆವರ್ತಗಳಲ್ಲಿ ನಯವಾಗಿ ಏರಿಸಿ. ಏರಿಕೆಯ ಉದ್ದ ಬದಲಿಸಿದಾಗ ‘ಪರಿಣಾಮ’ವೂ ಬದಲಾದರೆ ಅದನ್ನು ನಂಬಬೇಡಿ. ಇನ್ನೊಂದು ಬಗೆಯ ಗೊಂದಲ ನಿರ್ದೇಶಾಂಕಗಳ ಆಯ್ಕೆಯದು, ಅಂದರೆ ಗೇಜ್‌ನದು. ಅಡ್ಡ-ಶೂನ್ಯಜಾಡು (ಟ್ರಾನ್ಸ್‌ವರ್ಸ್-ಟ್ರೇಸ್‌ಲೆಸ್) ಎಂಬ ಗೇಜ್‌ನಲ್ಲಿ ನಿಶ್ಚಲ ಕಣದ ನಿರ್ದೇಶಾಂಕ ಕದಲುವುದೇ ಇಲ್ಲ. ಅಲ್ಲಿಂದ ಆರಂಭದ ವೇಗವನ್ನೂ ಮೇಲಿನ ಸೂತ್ರದಿಂದ ಬಲವನ್ನೂ ತಂದು ಬೆರೆಸಿದರೆ ಒಂದೇ ಪರಿಣಾಮ ಎರಡು ಸಲ ಎಣಿಕೆಯಾಗುತ್ತದೆ.

ಕಣಗಳ ಸಂಖ್ಯೆಯೂ ಮುಖ್ಯ. ಸಮನಾದ ಬಳೆಗೆ ಮೊದಲ ಹಂತದಲ್ಲಿ (ಹ ದ ಮೊದಲ ಘಾತದವರೆಗೆ) ಒಟ್ಟು ತಿರುಗುಬಲ ಸೊನ್ನೆ. ನಾಲ್ಕೇ ಕಣ ಇಟ್ಟರೂ ಈ ಸೊನ್ನೆ ಬರುತ್ತದೆ, ಆದರೆ ಹ² ಹಂತದಲ್ಲಿ ಸುಳ್ಳು ತಿರುಗುಬಲ ಇಣುಕುತ್ತದೆ. ನಾನು ಬಳಸುವುದು ಸಮಾನ ಅಂತರದ 64 ಕಣ. ಯಾದೃಚ್ಛಿಕವಾಗಿ ಚೆಲ್ಲುವುದಂತೂ ಬೇಡವೇ ಬೇಡ.

ಮಣಿಗಳ ಬದಲು, ಮಧ್ಯದ ದ್ರವ್ಯರಾಶಿಯೊಂದನ್ನು ಸುತ್ತುವ ಬಿಡಿ ಕಣಗಳ ಬಳೆಯನ್ನು ತೆಗೆದುಕೊಂಡರೆ ಚಿತ್ರ ತಿರುಗುಮುರುಗಾಗುತ್ತದೆ. ಮುಂದಕ್ಕೆ ತಳ್ಳಿದ ಕಣ ದೊಡ್ಡ ಕಕ್ಷೆಗೆ ಏರಿ ಹಿಂದೆ ಬೀಳುತ್ತದೆ, ಹಿಂದಕ್ಕೆ ಎಳೆದದ್ದು ಮುಂದೋಡುತ್ತದೆ. ಹಟಮಾರಿ ಕತ್ತೆಯ ನಡೆ. ಲೆಕ್ಕದಲ್ಲಿ ಇದು ಕೋನ ವೇಗೋತ್ಕರ್ಷಕ್ಕೆ ಬೀಳುವ −3 ಎಂಬ ಗುಣಕ. ಗುಂಪುಗಳು ಕಟ್ಟುವುದು 0 ಮತ್ತು 180 ಡಿಗ್ರಿಯಲ್ಲಿ. ಅಲೆಯ ಆವೃತ್ತಿ ಸುತ್ತಿನ ಆವೃತ್ತಿಯಷ್ಟೇ ಇದ್ದಾಗ ಅಥವಾ ಮೂರು ಪಟ್ಟು ಇದ್ದಾಗಲೂ ಇಲ್ಲಿ ಅನುರಣನೆ ಇದೆ. ಆಗ ಬೆಳೆಯುವುದು ಕಕ್ಷೆಯ ಉತ್ಕೇಂದ್ರತೆ, ಅಂದರೆ ಅದು ವೃತ್ತದಿಂದ ಎಷ್ಟು ಉದ್ದಗಾಗಿದೆ ಎಂಬುದು. ಲೀಪ್‌ಫ್ರಾಗ್ ವಿಧಾನದಲ್ಲಿ (ಸ್ಥಾನವನ್ನೂ ವೇಗವನ್ನೂ ಸರದಿಯಂತೆ ಮುಂದೊಯ್ಯುವ ಲೆಕ್ಕದ ಕ್ರಮ) ಸುತ್ತೊಂದಕ್ಕೆ 128 ಹೆಜ್ಜೆ ಇಟ್ಟರೆ ಆವೃತ್ತಿಯೇ ಹತ್ತು ಸಾವಿರದಲ್ಲಿ ಒಂದು ಪಾಲು ಸರಿಯುತ್ತದೆ. ಹ = 10⁻⁶ ಕ್ಕೆ ಇದು ತೊಂದರೆಯಲ್ಲ. 10⁻¹⁰ ಕ್ಕೆ ಅನುರಣನೆಯ ಅಗಲ ಅದಕ್ಕಿಂತ ಕಿರಿದು, ಅನುರಣನೆ ಕೈತಪ್ಪಿಯೇ ಹೋಗುತ್ತದೆ. ಹೆಜ್ಜೆಗಳನ್ನು ನಾಲ್ಕು ಪಟ್ಟು ಮಾಡಿ.

ಬಳೆಯಿಂದ ಚಿಪ್ಪಿಗೆ ಹೋಗುವಾಗ ಅಕ್ಷಾಂಶದ ಬಳೆಗಳನ್ನು ಗಾಸ್-ಲೆಜಾಂಡ್ರ್ ಬಿಂದುಗಳಲ್ಲಿ (ಕೆಲವೇ ಬಿಂದುಗಳಿಂದ ಸಮಾಕಲನ ನಿಖರವಾಗಿ ಬರುವಂತೆ ಆರಿಸಿದ ಜಾಗಗಳು) ಜೋಡಿಸಿದರೆ ಸಾಕು. ಪೂರ್ಣ ಗೋಳವಾದರೆ ಅಲೆ ಯಾವ ದಿಕ್ಕಿನಿಂದ ಬಂದರೂ ಮೊದಲ ಹಂತದಲ್ಲಿ ಅಕ್ಷ ಕದಲುವುದಿಲ್ಲ. ಅಕ್ಷ ಓಲಾಡಬೇಕಾದರೆ ಚಿಪ್ಪು ಚಪ್ಪಟೆಯಾಗಿರಬೇಕು. ತ್ರಿಜ್ಯ ಅಲೆಯುದ್ದಕ್ಕಿಂತ ಬಹಳ ಚಿಕ್ಕದಿರಲಿ: 100 ಹರ್ಟ್ಸ್‌ನಲ್ಲಿ ಅಲೆಯುದ್ದ 3000 ಕಿಲೋಮೀಟರ್. ಅದಕ್ಕಿಂತ ನಿಖರತೆ ಬೇಕೆಂದರೆ ಅಲೆಯ ದಿಕ್ಕಿನಲ್ಲಿ ಬಲ ಬದಲಾಗುವುದನ್ನೂ ವೇಗವನ್ನು ಅವಲಂಬಿಸಿದ ಬಲವನ್ನೂ ಒಟ್ಟಿಗೇ ಸೇರಿಸಿ. ಎರಡೂ ಒಂದೇ ಗಾತ್ರದವು, ಒಂದನ್ನು ಹಿಡಿದು ಇನ್ನೊಂದನ್ನು ಬಿಡುವಂತಿಲ್ಲ.

ಆವೃತ್ತಿ ಏರುತ್ತ ಹೋಗುವ ಅಲೆಗೆ ಮಣಿಗಳು ಸಿಕ್ಕಿಬೀಳಬೇಕಾದರೆ ಕೋನಾವೃತ್ತಿ ಏರುವ ದರ ಅ² × ಹ ಕ್ಕಿಂತ ಕಡಿಮೆ ಇರಬೇಕು. 2015ರ ಸೆಪ್ಟೆಂಬರ್ 14ರಂದು ಲೈಗೋ ಎಂಬ ಗುರುತ್ವ ಅಲೆ ಶೋಧಕ ಹಿಡಿದ ಅಲೆಯ ಆವೃತ್ತಿ ಸುಮಾರು 0.2 ಸೆಕೆಂಡಿನಲ್ಲಿ 35ರಿಂದ 250 ಹರ್ಟ್ಸ್‌ಗೆ ಏರಿತು; ಮಿತಿಗಿಂತ ಸುಮಾರು 10¹⁹ ಪಟ್ಟು ವೇಗ. ಅಂಥ ಅಲೆಯಿಂದ ಮಣಿಗಳಿಗೆ ಸಿಗುವುದು ಅನುರಣನೆಯನ್ನು ದಾಟುವಾಗಿನ ಒಂದು ಗುದ್ದು ಮಾತ್ರ. ಅದರ ಗಾತ್ರ ತಿಳಿಯಲು ಗರಿಷ್ಠ ಕೋನ ವೇಗೋತ್ಕರ್ಷವನ್ನು, 2π ಯನ್ನು ಏರುವ ದರದಿಂದ ಭಾಗಿಸಿ ತೆಗೆದ ವರ್ಗಮೂಲದಿಂದ ಗುಣಿಸಿ.