ಗುಜರಿಯವರನ್ನು ಕೇಳಿ ಮಾರುಕಟ್ಟೆ ಅಳೆದ ನನ್ನ ಅನುಭವ

ಪೀಣ್ಯದಲ್ಲಿ ಲಾರಿ ಗೇರ್‌ಬಾಕ್ಸಿನ ಬಿಡಿಭಾಗಗಳನ್ನು ಮಾಡುವ ನನ್ನ ಶೆಡ್ಡಿನಲ್ಲಿ 2018ರ ದಸರೆಯ ಹೊತ್ತಿಗೆ ಕಂಪ್ಯೂಟರ್ ಹೇಳಿದಂತೆ ಲೋಹ ಕಡೆಯುವ ಎರಡು ಸಿಎನ್‌ಸಿ ಯಂತ್ರಗಳು ಮೂರು ಪಾಳಿ ಓಡುತ್ತಿದ್ದವು. ಗ್ರಾಹಕ ಕಂಪನಿ ಕಳುಹಿಸಿದ ಆರು ತಿಂಗಳ ಶೆಡ್ಯೂಲನ್ನು ನಂಬಿ, ಸುಮಾರು 28 ಲಕ್ಷ ಸಾಲ ಮಾಡಿ ಮೂರನೆಯದನ್ನು ತಂದೆ. ಅದೇ ಜುಲೈನಲ್ಲಿ ಸರ್ಕಾರ ಲಾರಿಗಳ ಆಕ್ಸಲ್ ಭಾರದ ಮಿತಿಯನ್ನು ಏರಿಸಿತ್ತು. ಇರುವ ಲಾರಿಯೇ ಹೆಚ್ಚು ಸರಕು ಹೊರುವಾಗ ಹೊಸದು ಯಾರಿಗೆ ಬೇಕು ಎಂಬ ಲೆಕ್ಕ ನನಗೆ ಹೊಳೆಯಲಿಲ್ಲ. 2019ರ ಮಳೆಗಾಲಕ್ಕೆ ಒಂದೇ ಪಾಳಿ ಉಳಿಯಿತು, ತಿಂಗಳಿಗೆ ಅರವತ್ತು ಸಾವಿರದ ಆಸುಪಾಸಿನ ಕಂತು ಮಾತ್ರ ಕಡಿಮೆಯಾಗಲಿಲ್ಲ. ನನ್ನ ಆರ್ಡರ್ ಪುಸ್ತಕವನ್ನೇ ದೇಶದ ಜಾತಕವೆಂದು ಓದಿದ್ದೆ.

ರಿಸರ್ವ್ ಬ್ಯಾಂಕು ಮೂರು ತಿಂಗಳಿಗೊಮ್ಮೆ ತಯಾರಿಕಾ ಕಂಪನಿಗಳ ಸಮೀಕ್ಷೆ ನಡೆಸಿ, ಸ್ಥಿತಿ ಉತ್ತಮವೆಂದವರ ಶೇಕಡಾವಾರಿನಿಂದ ಕೆಟ್ಟದೆಂದವರದನ್ನು ಕಳೆಯುತ್ತದೆ. ಇನ್ನು ಮುಂದೆ ಮಾರುಕಟ್ಟೆ ಅಳೆಯಲು ಆ ಕಳೆಯುವ ಲೆಕ್ಕವನ್ನು ಅಲ್ಲಿಂದ ತೆಗೆದುಕೊಂಡೆ, ಆದರೆ ಮಾಲೀಕರನ್ನು ಕೇಳುವುದನ್ನು ಬಿಟ್ಟೆ, ಏಕೆಂದರೆ ಅವರೂ ನನ್ನಂತೆ ತಮ್ಮ ಆರ್ಡರನ್ನೇ ಓದುತ್ತಾರೆ. ಲೋಹದ ಚೂರು ಒಯ್ಯುವ ಗುಜರಿಯವರು, ಯಂತ್ರದ ಕತ್ತರಿಸುವ ತುದಿಗಳನ್ನು (ಇನ್ಸರ್ಟ್) ಮಾರುವವರು, ಭಾಗಗಳನ್ನು ಕಾಯಿಸಿ ಗಟ್ಟಿಮಾಡುವ ಹೀಟ್ ಟ್ರೀಟ್‌ಮೆಂಟ್ ಮೇಸ್ತ್ರಿ, ಟೆಂಪೋ ಚಾಲಕರು, ಹೀಗೆ ಹತ್ತು ಜನರನ್ನು ಹಿಡಿದೆ. ಮುಂದೇನಾಗುತ್ತದೆ ಎಂದು ಕೇಳದೆ, ಹೋದ ತಿಂಗಳು ಏನು ಮಾಡಿದಿರಿ ಎಂದಷ್ಟೇ ಕೇಳುತ್ತೇನೆ. ಟೆಂಪೋದವರಿಗೆ ಹಾಕುವ ಪ್ರಶ್ನೆಯನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ.

ಮೊದಲ ವರ್ಷ ಎಲ್ಲವೂ ತಪ್ಪಾಯಿತು. 2019ರ ಕೊನೆಯಲ್ಲಿ ಈರುಳ್ಳಿ ದುಬಾರಿಯಾದಾಗ ಆ ಹತ್ತರಲ್ಲಿ ಒಬ್ಬರಾದ ಮೆಸ್ಸಿನವರು ದೇಶವೇ ಮುಳುಗಿತು ಎಂದರು. ತಾವು ದಿನವೂ ಕೊಳ್ಳುವ ವಸ್ತುವಿನ ಬೆಲೆಯಿಂದಲೇ ಎಲ್ಲರೂ ಲೋಕವನ್ನು ಅಳೆಯುತ್ತಾರೆಂದು ಆಗ ಅರ್ಥವಾಯಿತು. ಅವರನ್ನೂ ಇನ್ನಿಬ್ಬರನ್ನೂ ಕೈಬಿಟ್ಟು ಏಳು ಜನರನ್ನು ಉಳಿಸಿಕೊಂಡೆ. ತುಮಕೂರು ರಸ್ತೆಯಲ್ಲಿ ಎಂಟು ಭಾನುವಾರ ನಿಂತು ಲಾರಿ ಎಣಿಸಿದ್ದೂ ಉಂಟು. ಬಿಸಿಲಿಗೆ ಮುಖ ಕಪ್ಪಾದದ್ದಷ್ಟೇ ಲಾಭ.

2022ರ ಮಾರ್ಚಿನಲ್ಲಿ, ಉಕ್ರೇನ್ ಯುದ್ಧದ ಬೆನ್ನಿಗೇ ಉಕ್ಕಿನ ಬೆಲೆ ಏರಿದಾಗ, ಪಕ್ಕದ ಶೆಡ್ಡಿನವರು ಇಪ್ಪತ್ತು ಟನ್ನಿನಷ್ಟು ಸರಳು ತುಂಬಿಸಿ, ಎರಡೇ ವಾರದ ದಾಸ್ತಾನು ಇಟ್ಟುಕೊಂಡ ನನ್ನನ್ನು ನೋಡಿ ನಕ್ಕರು. ಏಪ್ರಿಲ್‌ನಲ್ಲಿ ನನ್ನ ಏಳರಲ್ಲಿ ಐವರು ಇಳಿಮುಖವೆಂದಿದ್ದರು. ಮುಂಗಡ ಕೊಟ್ಟು ಚೂರು ಒಯ್ಯುತ್ತಿದ್ದ ಗುಜರಿಯವರು ಹದಿನೈದು ದಿನ ಸಾಲ ಕೇಳತೊಡಗಿದ್ದರು. ಮೇ ತಿಂಗಳಲ್ಲಿ ಸರ್ಕಾರ ಹಲವು ಉಕ್ಕಿನ ಉತ್ಪನ್ನಗಳಿಗೆ ಶೇ 15 ರಫ್ತು ಸುಂಕ ಹಾಕಿತು, ಬೆಲೆ ಕುಸಿಯಿತು. ಸುಂಕ ಬರುವುದು ನನಗೂ ತಿಳಿದಿರಲಿಲ್ಲ, ಅಷ್ಟು ಭಾಗ ಅದೃಷ್ಟವೇ. ಆದರೂ ಮೂರು ಲಕ್ಷದಷ್ಟು ಉಳಿಯಿತು, ಪಕ್ಕದವರು ಈಗ ತಿಂಗಳ ಮೊದಲ ವಾರ ಚಹಾದ ನೆಪದಲ್ಲಿ ಬರುತ್ತಾರೆ.

ಬಡ್ಡಿಯ ವಿಷಯದಲ್ಲಿ ಮಾತ್ರ ಏಳು ಜನರೂ ಮೂಕರು. ಆ ಮೇಯಿಂದ 2023ರ ಫೆಬ್ರವರಿಯೊಳಗೆ ರಿಸರ್ವ್ ಬ್ಯಾಂಕು ಇತರ ಬ್ಯಾಂಕುಗಳಿಗೆ ಸಾಲ ಕೊಡುವ ರೆಪೊ ದರ ಶೇ 4ರಿಂದ 6.5ಕ್ಕೆ ಏರಿ ನನ್ನ ಕಂತೂ ಬೆಳೆಯಿತು. ಹಾಗಾಗಿ ಯಂತ್ರಕ್ಕೆ ಸಾಲ ಕೊಡಿಸುವ ಏಜೆಂಟರೊಬ್ಬರನ್ನು ಎಂಟನೆಯವರಾಗಿ ಸೇರಿಸಿಕೊಂಡು, ತಿಂಗಳಿಗೆ ಎಷ್ಟು ಅರ್ಜಿ ಬಂದವು, ಅವುಗಳಲ್ಲಿ ಎಷ್ಟು ಜನ ಅರ್ಧಕ್ಕೇ ಹಿಂದೆಗೆದರು ಎಂದು ಬರೆದಿಡುತ್ತಿದ್ದೇನೆ.