ರಾಣಿಪುರಂ ಬೆಟ್ಟಕ್ಕೆ ಮಕ್ಕಳನ್ನು ಕರೆದೊಯ್ಯುವ ಮೊದಲು

ಶಾಲೆಯ ಸ್ಕೌಟ್ಸ್, ಗೈಡ್ಸ್ ಮಕ್ಕಳನ್ನು ಕೇರಳದ ಕಾಸರಗೋಡು ಜಿಲ್ಲೆಯ ರಾಣಿಪುರಂ ಬೆಟ್ಟಕ್ಕೆ ಕರೆದೊಯ್ಯುವುದೆಂದು ನಿಶ್ಚಯವಾದ ಕೂಡಲೇ ನಾನು ಚೀಟಿ ಬರೆಯಲು ಕೂರುತ್ತೇನೆ. ಮಗುವಿನ ಹೆಸರು, ವಯಸ್ಸು, ತೂಕ, ರಕ್ತದ ಗುಂಪು, ದಮ್ಮು ಅಥವಾ ಅಪಸ್ಮಾರ ಇದೆಯೇ, ಯಾವ ಮದ್ದು ಮೈಗೆ ಒಗ್ಗುವುದಿಲ್ಲ, ಮನೆಯ ಫೋನ್ ನಂಬರ್. ಒಂದು ಬದಿಗೆ ಕನ್ನಡ, ಇನ್ನೊಂದು ಬದಿಗೆ ಮಲಯಾಳ. ನಮ್ಮ ಮಕ್ಕಳು ಮನೆಯಲ್ಲಿ ತುಳುವೋ ಕನ್ನಡವೋ ಮಾತಾಡುವವರು. ಬೆಟ್ಟದ ಸಮೀಪದ ಪನತ್ತಡಿ ಕಡೆಯ ಜೀಪು ಚಾಲಕ, ಅರಣ್ಯ ಇಲಾಖೆಯ ಗಾರ್ಡ್, ಆಸ್ಪತ್ರೆಯ ನರ್ಸ್ ಓದುವುದು ಮಲಯಾಳ. ಗಾಬರಿಯ ಹೊತ್ತಿನಲ್ಲಿ ಮಗು ಹೇಳಲಾಗದ್ದನ್ನು ಆ ಚೀಟಿ ಹೇಳಬೇಕು. ದಮ್ಮಿನ ಮಕ್ಕಳ ಇನ್ಹೇಲರ್ ಅವರವರ ಕಿಸೆಯಲ್ಲೇ ಇರಬೇಕೆಂಬುದು ನನ್ನ ಹಟ. ದೊಡ್ಡ ಚೀಲದ ತಳಕ್ಕೆ ಹೋದರೆ ಅದು ಇದ್ದೂ ಇಲ್ಲದಂತೆ.

ಪಾದದ ವಿಷಯ ಸಣ್ಣದೆಂದು ಕಾಣುತ್ತದೆ, ಆದರೆ ಬೆಟ್ಟದಲ್ಲಿ ಮಕ್ಕಳನ್ನು ಹೆಚ್ಚು ಕಾಡುವುದು ಅದೇ. ಹೊಸ ಶೂ ತರಬೇಡಿ, ತಂದರೆ ಎರಡು ವಾರ ಶಾಲೆಗೆ ಹಾಕಿಕೊಂಡು ಬನ್ನಿ ಎನ್ನುತ್ತೇನೆ. ಹತ್ತಲು ತೊಡಗಿ ಅರ್ಧ ಗಂಟೆಗೆ ಎಲ್ಲರನ್ನೂ ಕೂರಿಸಿ ಹಿಮ್ಮಡಿ ನೋಡುತ್ತೇನೆ. ಚರ್ಮ ಕೆಂಪಾಗಿದ್ದರೆ ಆಗಲೇ ಪ್ಲಾಸ್ಟರ್. ಗುಳ್ಳೆ ಎದ್ದ ಮೇಲೆ ಹಚ್ಚಿ ಏನು ಫಲ? ಉಂಬಳ (ಜಿಗಣೆ) ಕಚ್ಚಿದರೆ ಉಪ್ಪೂ ಬೇಡ, ಹೊಗೆಸೊಪ್ಪೂ ಬೇಡ. ಉಂಬಳ ಕಾರಿದ್ದು ಗಾಯಕ್ಕೆ ಸೇರಬಹುದು. ಉಗುರಿನ ಅಂಚಿನಿಂದ ಬಾಯಿಯ ಬದಿಯನ್ನು ಸರಿಸಿದರೆ ಬಿಡುತ್ತದೆ. ಅದರ ಜೊಲ್ಲು ರಕ್ತ ಹೆಪ್ಪುಗಟ್ಟಲು ಬಿಡದ ಕಾರಣ ಸ್ವಲ್ಪ ಹೊತ್ತು ಒಸರುತ್ತದೆ. ಬಟ್ಟೆ ಒತ್ತಿ ಹಿಡಿದರೆ ಸಾಕು.

ಹಾವಿನ ವಿಷಯಕ್ಕೆ ನಾನು ಒಂದು ಸಂಜೆಯನ್ನೇ ಮೀಸಲಿಡುತ್ತೇನೆ. ಕೊಯ್ಯಬಾರದು, ಬಾಯಿಂದ ಹೀರಬಾರದು, ಹಗ್ಗ ಬಿಗಿಯಬಾರದು ಎಂಬುದನ್ನು ಮಕ್ಕಳು ಬೇಗ ಕಲಿಯುತ್ತಾರೆ. ಅಭ್ಯಾಸ ಬೇಕಾದದ್ದು ಉಳಿದದ್ದಕ್ಕೆ: ಉಂಗುರ, ಕಾಲ್ಗೆಜ್ಜೆ ತೆಗೆಯುವುದು, ಕಚ್ಚಿದ ಕಾಲು ಅಲುಗದಂತೆ ಕೋಲಿಟ್ಟು ಕಟ್ಟುವುದು, ಗಂಟೆ ಬರೆದಿಡುವುದು, ಎತ್ತಿಕೊಂಡು ಇಳಿಸುವುದು. ಎರಡು ಗಟ್ಟಿ ಕೋಲಿಗೆ ಪಂಚೆ ಸುತ್ತಿ ಶಾಲೆಯ ಜಗಲಿಯಲ್ಲಿ ಒಬ್ಬರನ್ನೊಬ್ಬರು ಹೊರುತ್ತಾರೆ.

“ಟೀಚರ್, ನಾನು ನಡ್ಕೊಂಡೇ ಬರ್ತೇನೆ, ಇವರಿಗೆ ಭಾರ ಆಗ್ತದೆ” ಎಂದು ಮಲಗಿದವ ಏಳಲು ನೋಡುತ್ತಾನೆ.

“ನಡೆದರೆ ವಿಷ ಬೇಗ ಏರ್ತದೆ ಮಗಾ. ಮಲಗಿಕೊಂಡಿರುವುದೇ ಈಗ ನಿನ್ನ ಕೆಲಸ.”

ಹಾವನ್ನು ಹಿಡಿಯಲು, ಕೊಲ್ಲಲು ಯಾರೂ ಹೋಗಬಾರದು. ನಮ್ಮಲ್ಲಿ ಸಿಗುವ ಪ್ರತಿವಿಷ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕಕ್ಕೆ ತಯಾರಾದದ್ದು. ಪಶ್ಚಿಮ ಘಟ್ಟದ ತರಗೆಲೆಗಳ ನಡುವೆ ಮೂಗೆತ್ತಿ ಮಲಗುವ ಸಣ್ಣ ಗುಳಿಮಂಡಲಕ್ಕೆ ಆ ಪ್ರತಿವಿಷ ನಾಟುವುದಿಲ್ಲ, ಈ ಹಾವು ಕಚ್ಚಿದರೆ ಮೂತ್ರಪಿಂಡ ಕೆಡುವುದೂ ಉಂಟು. ಹಾಗಾಗಿ ‘ಸಣ್ಣ ಹಾವಲ್ಲವಾ’ ಎನ್ನುವ ಸಮಾಧಾನ ಬೇಡ. ದೂರದಿಂದ ಒಂದು ಫೋಟೋ ಸಿಕ್ಕಿದರೆ ಒಳ್ಳೆಯದು, ಸಿಗದಿದ್ದರೂ ಹೊರಡಬೇಕು. ಪ್ರತಿವಿಷ ಯಾವ ಆಸ್ಪತ್ರೆಯಲ್ಲಿದೆ, ಅಲ್ಲಿ ರಾತ್ರಿ ವೈದ್ಯರಿರುತ್ತಾರೆಯೇ ಎಂದು ಹಿಂದಿನ ದಿನವೇ ಫೋನ್ ಮಾಡಿ ಕೇಳಿಕೊಳ್ಳುತ್ತೇನೆ. 108ಕ್ಕೆ ಕರೆ ಹೋಗುವಷ್ಟು ರೇಂಜ್ ದಾರಿಯಲ್ಲಿ ಎಲ್ಲೆಲ್ಲಿದೆ ಎಂಬುದೂ ನನ್ನ ಪುಸ್ತಕದಲ್ಲಿದೆ.

ಬೆಟ್ಟದ ನೆತ್ತಿ ಬರೀ ಹುಲ್ಲುಗಾವಲು. ತುಲಾ ತಿಂಗಳಲ್ಲಿ (ಅಕ್ಟೋಬರ್-ನವೆಂಬರ್) ಮಧ್ಯಾಹ್ನ ಕಳೆದರೆ ಗುಡುಗು ಮಿಂಚು ಶುರು, ಅಲ್ಲಿ ಎಲ್ಲರಿಗಿಂತ ಎತ್ತರ ನಾವೇ. ಬೆಳಿಗ್ಗೆ ಬೇಗ ಹತ್ತಿ ಊಟದ ಹೊತ್ತಿಗೆ ಕಾಡಿನಂಚಿಗೆ ಇಳಿದಿರುತ್ತೇವೆ. ಮಕ್ಕಳು ಎಷ್ಟೇ ಗೋಗರೆದರೂ ಈ ಸಮಯ ಬದಲಾಗುವುದಿಲ್ಲ. ಆನೆ ಬಂದಿದೆ ಎಂದು ಗೇಟಿನಲ್ಲಿ ಹೇಳಿದರೆ ಅಲ್ಲಿಂದಲೇ ವಾಪಸ್.

ಮರಳಿದ ದಿನ ಹೆತ್ತವರ ಕೈಗೆ ಒಂದು ಕಾಗದ ಕೊಡುತ್ತೇನೆ: ಮೂರು ವಾರದೊಳಗೆ ಜ್ವರ, ಮೀನಖಂಡದ ನೋವು, ಕಣ್ಣು ಕೆಂಪಾಗುವುದು ಕಂಡರೆ ಮನೆಮದ್ದು ಮಾಡುತ್ತ ಕೂರಬೇಡಿ, ಮಗು ತೋಡಿನ ನೀರಿಗೆ ಇಳಿದಿತ್ತೆಂದು ವೈದ್ಯರಿಗೆ ಹೇಳಿ. ಇಲಿಯ ಮೂತ್ರ ಸೇರಿದ ನೀರಿನಿಂದ ಬರುವ ಇಲಿಜ್ವರದ ಗುಮಾನಿ ಅವರಿಗೆ ಬರಬೇಕಾದರೆ ಈ ಮಾತು ಬೇಕು.